ಕಪ್ಪು ಪೈಪಿನ ಇನ್ನೂರು ಗೆರೆಗಳು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನದಿಂದ ನಮ್ಮ ಬೀದಿಯ ಮನೆಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಪಿಸಿಎಂಬಿ ಒಳ್ಳೆಯದೋ, ಪಿಸಿಎಂಸಿ ಒಳ್ಳೆಯದೋ, ಯಾವ ಕಾಲೇಜು, ಎಷ್ಟು ಡೊನೇಷನ್ನು. ನಾನು ಪ್ಲಾಸ್ಟಿಕ್, ರಬ್ಬರುಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವುದು ಗೊತ್ತಿರುವುದರಿಂದ ಒಬ್ಬಿಬ್ಬರು ತಂದೆ ತಾಯಂದಿರು ಮಕ್ಕಳನ್ನು ಕರೆದುಕೊಂಡು ಮನೆಗೂ ಬರುವುದುಂಟು. ಅವರ ಮಾತಿನಲ್ಲಿ ಒಂದು ವಾಕ್ಯ ಮಾತ್ರ ವರ್ಷ ವರ್ಷವೂ ತಪ್ಪದೆ ಬರುತ್ತದೆ. “ಇವಳಿಗೆ ಲೆಕ್ಕ ಅಂದ್ರೆ ಅಷ್ಟಕ್ಕಷ್ಟೆ ಸಾರ್, ಅದಕ್ಕೇ ಕೆಮಿಸ್ಟ್ರಿ ಕಡೆ ಹೋಗ್ಲಿ ಅಂತ.” ಸಂಖ್ಯಾಶಾಸ್ತ್ರದ ಹೆಸರೆತ್ತಿದರಂತೂ “ಅದು ಜನಗಣತಿ ಮಾಡೋರಿಗೆ, ಇನ್ಷೂರೆನ್ಸ್‌ನೋರಿಗೆ ಅಲ್ವಾ?” ಎಂದು ಕೇಳುತ್ತಾರೆ.

ನಾನು ವಾದಕ್ಕೆ ಹೋಗುವುದಿಲ್ಲ. ಕಾಫಿ ಬರುವಷ್ಟರಲ್ಲಿ ಒಂದು ಪೈಪಿನ ವಿಷಯ ಶುರು ಮಾಡುತ್ತೇನೆ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಚಿಕ್ಕಬಳ್ಳಾಪುರದ ಕಡೆಯ ರೈತರೊಬ್ಬರು ಗೋಣಿಚೀಲ ಹೊತ್ತುಕೊಂಡು ನಮ್ಮಲ್ಲಿಗೆ ಬಂದರು. ಚೀಲದ ತುಂಬ ಕಪ್ಪು ಪೈಪಿನ ತುಂಡುಗಳು. ಟೊಮೆಟೊ ಹೊಲಕ್ಕೆ ಹನಿ ನೀರಾವರಿಗೆಂದು ಹಾಕಿದ್ದ ಪೈಪು. ಎರಡನೆಯ ಬೇಸಿಗೆಗೇ ಉದ್ದುದ್ದಕ್ಕೆ ಸೀಳಿತ್ತು. ಗಿಡ ಹೂವಿಗೆ ಬಂದ ಹೊತ್ತಿನಲ್ಲಿ ನೀರು ನಿಂತು ಬೆಳೆ ಹೋಯಿತು. ಮಾರಿದ ಕಂಪನಿಯವರು ಬಂದು ನೋಡಿ, ಬಿಸಿಲಿಗೆ ಬಿಟ್ಟಿದ್ದೀರಿ, ಪೈಪು ತೊಳೆಯಲು ಆಸಿಡ್ ಜಾಸ್ತಿ ಬಿಟ್ಟಿದ್ದೀರಿ, ಇದು ನಮ್ಮ ತಪ್ಪಲ್ಲ ಎಂದು ಹೇಳಿ ಹೋಗಿದ್ದರು. ರೈತರ ಪ್ರಶ್ನೆ ಬಹಳ ಚಿಕ್ಕದು. “ಇದು ಹೊಸಾ ಮಾಲಿನಲ್ಲಿ ಮಾಡಿದ್ದೋ, ಹಳೇ ಪ್ಲಾಸ್ಟಿಕ್ ಕರಗಿಸಿ ಬೆರೆಸಿದ್ದೋ, ಅಷ್ಟು ಹೇಳಿ ಸಾರ್, ಸಾಕು.”

ಅವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಅದೇ ಬಿಲ್ಲಿನಲ್ಲಿ ತಂದು, ಬಳಸದೆ ಅಟ್ಟದ ಮೇಲೆ ಇಟ್ಟಿದ್ದ ಅರ್ಧ ಸುರುಳಿಯನ್ನೂ ಹೊತ್ತು ತಂದಿದ್ದರು. ಬಿಸಿಲನ್ನೂ ಆಸಿಡ್ಡನ್ನೂ ಕಾಣದ ಪೈಪು ಅದು.

ಇನ್ನು ಪ್ಲಾಸ್ಟಿಕ್ಕಿನ ಒಳಗೆ ಏನಿದೆ ಎಂಬುದಕ್ಕೆ ಬರೋಣ. ಪ್ಲಾಸ್ಟಿಕ್ ಎಂದರೆ ಉದ್ದನೆಯ ಸರ. ಒಂದೊಂದು ಸರದಲ್ಲಿ ಸಾವಿರಾರು ಮಣಿಗಳು. ಹೀಗೆ ಅಣುಗಳು ಸರಪಳಿಯಂತೆ ಸಾವಿರಗಟ್ಟಲೆ ಕೂಡಿಕೊಂಡಿರಬಲ್ಲವು ಎಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಬರೆದಾಗ ಅಂದಿನ ದೊಡ್ಡ ದೊಡ್ಡ ರಸಾಯನ ವಿಜ್ಞಾನಿಗಳು ಒಪ್ಪಲಿಲ್ಲ. ಆತನಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1953ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಹಾಲಿನ ಪೊಟ್ಟಣ, ನೀರಿನ ಕೊಡ, ಹನಿ ನೀರಾವರಿಯ ಪೈಪು ಇವೆಲ್ಲ ಪಾಲಿಎಥಿಲೀನ್ ಎಂಬ ಒಂದೇ ಕುಲದವು. ಮಣಿ ಒಂದೇ, ಒಂದು ಇಂಗಾಲಕ್ಕೆ ಎರಡು ಜಲಜನಕ. ಆದರೆ ಕೊಡದ ಸರ ನೆಟ್ಟಗಿರುತ್ತದೆ, ಹಾಲಿನ ಪೊಟ್ಟಣದ ಸರಕ್ಕೆ ಅಲ್ಲಲ್ಲಿ ಕವಲುಗಳಿರುತ್ತವೆ. ನೆಟ್ಟಗಿರುವ ಸರಗಳು ಒತ್ತೊತ್ತಾಗಿ ಜೋಡಿಸಿಕೊಂಡು ಸ್ಫಟಿಕವಾಗಿ ಗಟ್ಟಿಯಾಗುತ್ತವೆ. ಕವಲಿದ್ದವು ಹಾಗೆ ಕೂರಲಾರವು, ಅದಕ್ಕೇ ಮೆತ್ತಗೆ. ರಾಸಾಯನಿಕವಾಗಿ ನೋಡಿದರೆ ಹೆಚ್ಚುಕಡಿಮೆ ಒಂದೇ, ರಚನೆಯಲ್ಲಿ ಬೇರೆ. ಪ್ಲಾಸ್ಟಿಕ್ಕಿನ ಗುಣವೆಲ್ಲ ಇರುವುದು ಈ ರಚನೆಯಲ್ಲಿ.

ಪಾಲಿಪ್ರೊಪಿಲೀನ್ ಇವುಗಳ ದಾಯಾದಿ. ಅದರ ಸರದಲ್ಲಿ ಒಂದು ಇಂಗಾಲ ಬಿಟ್ಟು ಒಂದಕ್ಕೆ ಮೀಥೈಲ್ ಎಂಬ ಲೋಲಾಕು ನೇತಾಡುತ್ತದೆ. ಗೊಬ್ಬರದ ನೇಯ್ದ ಚೀಲ, ಎಷ್ಟೋ ಡಬ್ಬಗಳ ಮುಚ್ಚಳ ಎಲ್ಲ ಇದರದ್ದೇ. ಗುಜರಿಯಲ್ಲಿ ಇವೆರಡೂ ಬೆರೆತೇ ಬರುತ್ತವೆ. ನೀರಿಗೆ ಹಾಕಿ ಬೇರ್ಪಡಿಸೋಣವೆಂದರೆ ಎರಡೂ ತೇಲುತ್ತವೆ. ಕರಗಿಸಿದಾಗ ಬೆರೆತಂತೆ ಕಂಡರೂ ಅಣುಮಟ್ಟದಲ್ಲಿ ಒಂದಕ್ಕೊಂದು ಸೇರುವುದಿಲ್ಲ. ಗಂಟು ಬಿದ್ದ ರಾಗಿಮುದ್ದೆಯನ್ನು ನೋಡಿದ್ದೀರಲ್ಲ, ಮುರಿದರೆ ಗಂಟಿರುವ ಕಡೆಯೇ ಬಿರುಕು ಬಿಡುತ್ತದೆ. ಪೈಪೂ ಹಾಗೆಯೇ.

ಹಾಗಾದರೆ ಆ ಕಪ್ಪು ಪೈಪಿನಲ್ಲಿ ಪಾಲಿಪ್ರೊಪಿಲೀನ್ ಇದೆಯೇ? ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಕೇಳುವುದಾದರೆ ಬೆಳಕನ್ನೇ ಕೇಳಬೇಕು.

ಅಣುವಿನಲ್ಲಿ ಪರಮಾಣುಗಳನ್ನು ಹಿಡಿದಿರುವ ಬಂಧಗಳು ಸ್ಪ್ರಿಂಗುಗಳಂತೆ ಸದಾ ನಡುಗುತ್ತಿರುತ್ತವೆ. ವೀಣೆಯ ತಂತಿ ಎಷ್ಟು ಬಿಗಿ, ಎಷ್ಟು ದಪ್ಪ ಎನ್ನುವುದರ ಮೇಲೆ ಸ್ವರ ನಿಲ್ಲುವ ಹಾಗೆ, ಬಂಧದ ಬಿಗಿಯ ಮೇಲೆ, ಪರಮಾಣುಗಳ ತೂಕದ ಮೇಲೆ ಆ ನಡುಕದ ಸ್ವರ ನಿಲ್ಲುತ್ತದೆ. ಕೆಂಪು ಬಣ್ಣದ ಆಚೆಗಿರುವ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಾಯಿಸಿದರೆ ಪ್ರತಿಯೊಂದು ಬಂಧವೂ ತನ್ನ ಸ್ವರಕ್ಕೆ ಸರಿಹೊಂದುವ ಬೆಳಕನ್ನು ಹೀರಿಕೊಳ್ಳುತ್ತದೆ. ಈ ಬೆಳಕನ್ನು ವಿಲಿಯಂ ಹರ್ಷೆಲ್ 1800ರಲ್ಲಿ ಒಂದು ಪಟ್ಟಕ ಮತ್ತು ಥರ್ಮಾಮೀಟರು ಇಟ್ಟುಕೊಂಡು ಕಂಡುಹಿಡಿದ. ಎಷ್ಟೆಷ್ಟು ಹೀರಿಕೊಂಡಿತು ಎಂದು ಬರೆದ ಗೆರೆಯೇ ರೋಹಿತ. ಪಾಲಿಎಥಿಲೀನಿನ ಗೆರೆಯಲ್ಲಿ 2915, 2848, 1465, 720ರ ಆಸುಪಾಸಿನಲ್ಲಿ ಶಿಖರಗಳು ಏಳುತ್ತವೆ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬ ಲೆಕ್ಕ ಇದು. ಸ್ಫಟಿಕವಾಗಿ ಜೋಡಿಸಿಕೊಂಡ ಭಾಗವಿದ್ದರೆ 720ರ ಶಿಖರ ಒಡೆದು 730ರಲ್ಲಿ ಜೊತೆಗಾರನೊಂದು ನಿಲ್ಲುತ್ತದೆ. ಮೀಥೈಲಿನ ಲೋಲಾಕು 1377ರ ಹತ್ತಿರ ಕಾಣುತ್ತದೆ. ಬಿಸಿಲಿಗೆ ಹಳಸಿದ ಪ್ಲಾಸ್ಟಿಕ್ಕಿನಲ್ಲಿ 1715ರ ಸುತ್ತ ಹೊಸದೊಂದು ಉಬ್ಬು ಬೆಳೆಯುತ್ತದೆ, ಆಮ್ಲಜನಕ ಸೇರಿಕೊಂಡ ಗುರುತು ಅದು.

ರಾಮನ್ ಪರಿಣಾಮ ಉಪಯೋಗಕ್ಕೆ ಬರುವುದಿಲ್ಲವೇ ಎಂದು ಯಾವುದಾದರೂ ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಪಾಲಿಮರುಗಳಿಗೆ ಅದು ಬಹಳ ಒಳ್ಳೆಯ ಕಿಟಕಿ. ಆದರೆ ನಮ್ಮ ಪೈಪು ಕಪ್ಪು. ಬಿಸಿಲಿನಿಂದ ಕಾಪಾಡಲೆಂದು ಅದರಲ್ಲಿ ನೂರಕ್ಕೆ ಎರಡು, ಎರಡೂವರೆ ಭಾಗ ಮಸಿ ಬೆರೆಸಿರುತ್ತಾರೆ. ಲೇಸರ್ ಬಿಟ್ಟರೆ ಆ ಮಸಿಯದೇ ಗದ್ದಲ ಎದ್ದು ಉಳಿದದ್ದೆಲ್ಲ ಮುಳುಗುತ್ತದೆ. ಅವಕೆಂಪಿಗೂ ಮಸಿ ತೊಂದರೆಯೇ. ಜರ್ಮೇನಿಯಂ ಹರಳೊಂದರ ಮೇಲೆ ಪ್ಲಾಸ್ಟಿಕ್ಕನ್ನು ಒತ್ತಿ ಹಿಡಿದು ಅಳೆದರೆ ಬೆಳಕು ಒಂದು ಮೈಕ್ರಾನಿಗಿಂತಲೂ ಕಡಿಮೆ ಆಳಕ್ಕೆ ಇಳಿದು ವಾಪಸು ಬರುತ್ತದೆ, ಆಗ ಗೆರೆ ಹೇಗೋ ಸಿಗುತ್ತದೆ. ಅಷ್ಟು ತೆಳುವಾದ ಪದರವನ್ನೇ ನೋಡುವುದರಿಂದ ಪೈಪಿನ ಹೊರಮೈ ನೋಡಿ ಪ್ರಯೋಜನವಿಲ್ಲ, ಅಲ್ಲಿ ಬಿಸಿಲಿನ ಕೆಲಸವೇ ಕಾಣುತ್ತದೆ. ಗೋಡೆಯನ್ನು ಹೊಸ ಬ್ಲೇಡಿನಿಂದ ಸೀಳಿ ಒಳಮೈಯನ್ನು ಅಳೆಯಬೇಕು.

ಹೊಲದ ಪೈಪಿನ ಹದಿನಾಲ್ಕು ತುಂಡು, ಅಟ್ಟದ ಸುರುಳಿಯ ಆರು, ಹೊಸ ಮಾಲಿನಿಂದಲೇ ಮಾಡಿದ್ದೆಂದು ನಮಗೆ ಖಚಿತವಿದ್ದ ಬೇರೆ ಪೈಪುಗಳ ಇಪ್ಪತ್ತು. ಒಟ್ಟು ನಲವತ್ತು. ಒಂದೊಂದರಲ್ಲೂ ಐದು ಕಡೆ. ಇನ್ನೂರು ಗೆರೆಗಳು. ಒಂದರ ಮೇಲೊಂದು ಪರದೆಯ ಮೇಲೆ ಹಾಕಿದರೆ, ಏನು ಹೇಳಲಿ, ಎಲ್ಲ ಒಂದೇ! ಮಸಿಯ ದೆಸೆಯಿಂದ ಕೆಲವು ಹೆಚ್ಚು ಓರೆ, ಕೆಲವು ಕಡಿಮೆ. ಅಷ್ಟೇ ವ್ಯತ್ಯಾಸ. 1377ರಲ್ಲಿ ಕೆಲವಕ್ಕೆ ತುಸು ಎತ್ತರವಿದೆ ಎಂದು ಒಬ್ಬರಿಗೆ ಕಂಡರೆ ಇನ್ನೊಬ್ಬರಿಗೆ ಇಲ್ಲ. ಅದೂ ಅಲ್ಲದೆ ಕವಲಿನ ತುದಿಯಲ್ಲೂ ಮೀಥೈಲ್ ಇರುತ್ತದೆ. ಆ ಒಂದು ಶಿಖರ ನೋಡಿ ಪಾಲಿಪ್ರೊಪಿಲೀನ್ ಎಂದು ಬರೆದುಕೊಟ್ಟರೆ ಕಂಪನಿಯ ವಕೀಲರು ಐದು ನಿಮಿಷದಲ್ಲಿ ಹರಿದು ಹಾಕುತ್ತಾರೆ.

ಇಲ್ಲಿಂದ ಮುಂದೆ ಸಂಖ್ಯಾಶಾಸ್ತ್ರ. ಅಂಕಪಟ್ಟಿ ನೋಡಿ ಬೇಸತ್ತಿರುವ ತಂದೆ ತಾಯಂದಿರಿಗೆ ಇದು ನನಗಿಂತ ಬೇಗ ಅರ್ಥವಾಗುತ್ತದೆ.

ಒಂದು ತರಗತಿಯಲ್ಲಿ ನಲವತ್ತು ಮಕ್ಕಳು, ಆರು ವಿಷಯ. ಇನ್ನೂರ ನಲವತ್ತು ಅಂಕಗಳ ಪಟ್ಟಿಯನ್ನು ಹೆಡ್‌ಮಾಸ್ತರರು ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಗಣಿತದಲ್ಲಿ ಚೆನ್ನಾಗಿ ತೆಗೆದವನು ವಿಜ್ಞಾನದಲ್ಲೂ ಸಾಮಾನ್ಯವಾಗಿ ತೆಗೆದಿರುತ್ತಾನೆ, ಕನ್ನಡದಲ್ಲಿ ತೆಗೆದವಳು ಹಿಂದಿಯಲ್ಲೂ ತೆಗೆದಿರುತ್ತಾಳೆ. ಅಂಕಗಳು ಜೊತೆಜೊತೆಯಾಗಿ ಏರಿಳಿಯುತ್ತವೆ. ಹಾಗಾಗಿ ಮಾಸ್ತರರು ಪ್ರತಿ ಮಗುವಿಗೂ ಮನಸ್ಸಿನಲ್ಲೇ ಎರಡು ಸಂಖ್ಯೆ ಇಟ್ಟುಕೊಳ್ಳುತ್ತಾರೆ. ಒಂದು, ಒಟ್ಟಾರೆ ಓದಿನಲ್ಲಿ ಹೇಗೆ. ಎರಡು, ಭಾಷೆಯ ಕಡೆಗೋ ಲೆಕ್ಕದ ಕಡೆಗೋ. ಈ ಎರಡರಲ್ಲಿ ಪಟ್ಟಿಯ ಬಹುಪಾಲು ಸಾರ ಬಂದುಬಿಡುತ್ತದೆ. ಮಾಸ್ತರರು ಅನುಭವದಿಂದ ಮಾಡುವ ಇದೇ ಕೆಲಸವನ್ನು ಗಣಿತದಿಂದ ಮಾಡುವುದಕ್ಕೆ ಪ್ರಧಾನ ಘಟಕ ವಿಶ್ಲೇಷಣೆ ಎಂದು ಹೆಸರು. ಮಕ್ಕಳ ನಡುವಿನ ವ್ಯತ್ಯಾಸ ಯಾವ ದಿಕ್ಕಿನಲ್ಲಿ ಅತಿ ಹೆಚ್ಚು ಚೆದರಿದೆಯೋ ಅದು ಮೊದಲ ಘಟಕ. ಅದನ್ನು ತೆಗೆದಿಟ್ಟ ಮೇಲೆ ಉಳಿದುದರಲ್ಲಿ ಅತಿ ಹೆಚ್ಚು ಎಲ್ಲಿದೆಯೋ ಅದು ಎರಡನೆಯದು. ನಮ್ಮ ಪೈಪಿನ ಒಂದೊಂದು ಗೆರೆಯಲ್ಲೂ ಸುಮಾರು 1700 ಸಂಖ್ಯೆಗಳಿರುತ್ತವೆ. 1700 ವಿಷಯದಲ್ಲಿ ಪರೀಕ್ಷೆ ಬರೆದ ಮಗು ಎಂದುಕೊಳ್ಳಿ. ಪಾಪ!

ಈ ಲೆಕ್ಕದ ಬೇರು ಲಂಡನ್ನಿನ ಕಾರ್ಲ್ ಪಿಯರ್ಸನ್ 1901ರಲ್ಲಿ ಬರೆದ ಒಂದು ಲೇಖನದಲ್ಲಿದೆ. ಅಮೆರಿಕದ ಹೆರಾಲ್ಡ್ ಹೋಟೆಲಿಂಗ್ 1933ರಲ್ಲಿ ಅದಕ್ಕೆ ಈಗಿನ ರೂಪ ಕೊಟ್ಟರು. ಅದೇ 1933ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಗಿಬ್ಸನ್ ಮತ್ತು ಫಾಸೆಟ್ ಎಂಬಿಬ್ಬರ ಪಾತ್ರೆಯ ತಳದಲ್ಲಿ ಮೇಣದಂಥ ಬಿಳಿ ವಸ್ತು ಅಂಟಿಕೊಂಡಿದ್ದು ಕಂಡಿತು, ಅದೇ ಪಾಲಿಎಥಿಲೀನ್. ಅದೇ ವರ್ಷ ಸಿ.ವಿ. ರಾಮನ್ ಕಲ್ಕತ್ತಾ ಬಿಟ್ಟು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಈ ಮೂರೂ ಈಗ ಒಂದೇ ಮೇಜಿನ ಮೇಲೆ ಸಿಗುತ್ತವಲ್ಲ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ.

ರಸಾಯನಶಾಸ್ತ್ರಕ್ಕೆ ಈ ವಿದ್ಯೆ ಬಂದ ದಾರಿಯಲ್ಲೂ ಒಂದು ತಂದೆ ಮಗನ ಕಥೆಯಿದೆ. ಸ್ವೀಡನ್ನಿನ ಹರ್ಮನ್ ವೋಲ್ಡ್ ಸಂಖ್ಯಾಶಾಸ್ತ್ರಜ್ಞ, ಅರ್ಥಶಾಸ್ತ್ರದ ಲೆಕ್ಕಗಳಿಗಾಗಿ ವಿಧಾನಗಳನ್ನು ಕಟ್ಟಿದವರು. ಮಗ ಸ್ವಾಂಟೆ ವೋಲ್ಡ್ ಹಿಡಿದದ್ದು ರಸಾಯನಶಾಸ್ತ್ರ. ಅಪ್ಪನ ವಿದ್ಯೆಯನ್ನು ಮಗ ತನ್ನ ಪ್ರಯೋಗಾಲಯಕ್ಕೆ ಒಯ್ದರು. 1971ರಲ್ಲಿ ಧನಸಹಾಯಕ್ಕಾಗಿ ಅರ್ಜಿ ಹಾಕುವಾಗ ಇದನ್ನು ಏನೆಂದು ಕರೆಯುವುದು ಎಂದು ಯೋಚಿಸಿ ಕೀಮೊಮೆಟ್ರಿಕ್ಸ್ ಎಂಬ ಹೆಸರು ಕಟ್ಟಿದರು. ಅಮೆರಿಕದ ಬ್ರೂಸ್ ಕೊವಾಲ್ಸ್ಕಿ ಜೊತೆ ಸೇರಿ 1974ರಲ್ಲಿ ಸಂಘವನ್ನೂ ಮಾಡಿದರು.

ನಮ್ಮ ಮಕ್ಕಳಿಗೆ ಹೇಳಲು ಇನ್ನೊಂದು ಹೆಸರಿದೆ. ಸಿ.ಆರ್. ರಾವ್. ಹುಟ್ಟಿದ್ದು 1920ರಲ್ಲಿ, ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ. ಮನೆಮಾತು ತೆಲುಗು. ಕೆಲಸ ಹುಡುಕಿಕೊಂಡು ಕಲ್ಕತ್ತಾಕ್ಕೆ ಹೋದ ಯುವಕ ಅಲ್ಲಿ ಮಹಾಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1941ರಲ್ಲಿ ಸೇರಿ, ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು. ಈ ಪ್ರಧಾನ ಘಟಕಗಳನ್ನು ಬೇರೆ ಬೇರೆ ವಿಜ್ಞಾನಗಳಲ್ಲಿ ಹೇಗೆ ಬಳಸಬೇಕು, ಬಂದ ಉತ್ತರವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂದು 1964ರಲ್ಲಿ ‘ಸಂಖ್ಯಾ’ ಪತ್ರಿಕೆಯಲ್ಲಿ ಅವರು ಬರೆದ ದೀರ್ಘ ಲೇಖನವನ್ನು ಈಗಲೂ ಜನ ಉಲ್ಲೇಖಿಸುತ್ತಾರೆ. 2023ರಲ್ಲಿ ತೀರಿಕೊಂಡರು, ನೂರೆರಡು ತುಂಬಿತ್ತು. ಹಡಗಲಿಯ ಮಲ್ಲಿಗೆ ಎಲ್ಲರಿಗೂ ಗೊತ್ತು, ಇವರ ಹೆಸರು ಗೊತ್ತಿರುವವರು ಎಷ್ಟು ಜನ?

ಮತ್ತೆ ಪೈಪಿಗೆ. ಲೆಕ್ಕ ಮಾಡುವುದು ಕಂಪ್ಯೂಟರು, ಅದಕ್ಕೆ ಒಂದು ಸೆಕೆಂಡೂ ಹಿಡಿಯುವುದಿಲ್ಲ. ಇನ್ನೂರು ಗೆರೆಗಳು ಇನ್ನೂರು ಚುಕ್ಕೆಗಳಾಗಿ ಪರದೆಯ ಮೇಲೆ ಬಂದವು. ನೋಡಿದರೆ ಅಚ್ಚುಕಟ್ಟಾಗಿ ಎರಡು ಗುಂಪು! ಒಳ್ಳೆಯ ಪೈಪುಗಳೆಲ್ಲ ಎಡಕ್ಕೆ, ರೈತರ ಪೈಪುಗಳೆಲ್ಲ ಬಲಕ್ಕೆ. ಅಟ್ಟದ ಸುರುಳಿಯೂ ಬಲಕ್ಕೇ. ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರಿಗೆ ಖುಷಿಯೋ ಖುಷಿ. ವರದಿ ಟೈಪ್ ಮಾಡಲು ಕುಳಿತೇಬಿಟ್ಟರು.

ಆಗ ನಮ್ಮಲ್ಲಿ ತರಬೇತಿಗೆಂದು ಒಬ್ಬ ಹುಡುಗಿ ಬಂದಿದ್ದಳು. ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದವಳು, ರಸಾಯನಶಾಸ್ತ್ರ ಪಿಯುಸಿಗೇ ಮುಗಿದಿತ್ತು. ತಂದೆ ಬಸ್ ಕಂಡಕ್ಟರು. ಆ ಕಾಂಬಿನೇಷನ್ ತೆಗೆದುಕೊಂಡಾಗ ನೆಂಟರೆಲ್ಲ “ಇದಕ್ಕೆ ಕೆಲಸ ಎಲ್ಲಿದೆ” ಎಂದಿದ್ದರಂತೆ, ತಂದೆಯವರೊಬ್ಬರು ಸುಮ್ಮನಿದ್ದರಂತೆ. ಅವಳು ಪರದೆಯನ್ನು ಸ್ವಲ್ಪ ಹೊತ್ತು ನೋಡಿ ಮೆಲ್ಲಗೆ ಕೇಳಿದಳು: “ಸಾರ್, ಯಾವುದನ್ನ ಯಾವ ದಿನ ಅಳೆದಿದ್ದು?”

ಡೈರಿ ತೆಗೆದು ನೋಡಿದರೆ ಒಳ್ಳೆಯ ಪೈಪುಗಳನ್ನೆಲ್ಲ ಸೋಮವಾರ ಅಳೆದಿತ್ತು, ದೂರಿನ ಪೈಪುಗಳನ್ನೆಲ್ಲ ಮಂಗಳವಾರ. ಮಂಗಳವಾರ ಇಡೀ ದಿನ ಮಳೆ.

ಈ ವಿಶ್ಲೇಷಣೆಯಲ್ಲಿ ಚುಕ್ಕೆಗಳ ಜೊತೆಗೆ ಇನ್ನೊಂದು ಪಟ್ಟಿಯೂ ಬರುತ್ತದೆ. ಯಾವ ವಿಷಯದ ಅಂಕ ಎಷ್ಟು ತೂಗಿತು ಎಂದು ಹೇಳುವ ತೂಕಪಟ್ಟಿ. ಅದನ್ನು ತೆಗೆಯೋಣ ಎಂದೆ. ರಸಾಯನಶಾಸ್ತ್ರ ಗೊತ್ತಿದ್ದವರಿಗೆ ಅದರಲ್ಲಿ ಕಂಡದ್ದು ಪಾಲಿಮರ್ ಅಲ್ಲವೇ ಅಲ್ಲ. 1400ರಿಂದ 1900ರವರೆಗೆ ಬಾಚಣಿಗೆಯ ಹಲ್ಲಿನಂಥ ಸೂಕ್ಷ್ಮ ಗೆರೆಗಳು, ಅದು ಗಾಳಿಯ ನೀರಾವಿ. 2350ರಲ್ಲಿ ಇನ್ನೊಂದು, ಅದು ಇಂಗಾಲದ ಡೈಆಕ್ಸೈಡು. ಉಪಕರಣದ ಮುಂದೆ ಕುಳಿತವರ ಉಸಿರೂ ಅದರಲ್ಲಿ ಸೇರಿತ್ತು ಎನ್ನಬಹುದು. ಅದರ ಜೊತೆಗೆ ಮಸಿಯ ಓರೆ. ಕಂಪ್ಯೂಟರು ನಮಗೆ ಬೇರ್ಪಡಿಸಿ ಕೊಟ್ಟದ್ದು ಮುಖ್ಯವಾಗಿ ಸೋಮವಾರ ಮತ್ತು ಮಂಗಳವಾರಗಳನ್ನು!

ಮತ್ತೆ ಅಂಕಪಟ್ಟಿಗೆ ಬರುತ್ತೇನೆ. ಅರ್ಧ ತರಗತಿಯ ಉತ್ತರ ಪತ್ರಿಕೆಗಳನ್ನು ಕೈಬಿಟ್ಟು ಅಂಕ ಕೊಡುವ ಮೇಷ್ಟ್ರೂ, ಉಳಿದರ್ಧವನ್ನು ಕೈಬಿಗಿ ಮೇಷ್ಟ್ರೂ ತಿದ್ದಿದರೆ ಅಂಕಗಳಲ್ಲಿ ಕಾಣುವ ಅತಿ ದೊಡ್ಡ ವ್ಯತ್ಯಾಸ ಮಕ್ಕಳದ್ದಲ್ಲ, ಮೇಷ್ಟ್ರದ್ದು. ಲೆಕ್ಕಕ್ಕೆ ಅದು ಗೊತ್ತಾಗುವುದಿಲ್ಲ. ಅತಿ ದೊಡ್ಡ ವ್ಯತ್ಯಾಸ ಎಲ್ಲಿದೆ ಎಂದು ಕೇಳಿದಿರಿ, ತೋರಿಸಿತು. ಅದು ನಿಮಗೆ ಬೇಕಾದ ವ್ಯತ್ಯಾಸವೇ ಎಂದು ನೀವು ನೋಡಿಕೊಳ್ಳಬೇಕು. ಮೊದಲ ಚಿತ್ರವನ್ನೇ ನಂಬಿ ವರದಿ ಹೋಗಿದ್ದರೆ, ಮುಂದೊಂದು ಮಳೆಗಾಲದಲ್ಲಿ ಯಾರೋ ಸಾಚಾ ತಯಾರಕರ ಒಳ್ಳೆಯ ಪೈಪೂ ಕೆಟ್ಟದ್ದೆಂದು ಬರುತ್ತಿತ್ತು.

ಆ ಹುಡುಗಿ ಹೇಳಿದ ಪ್ರಕಾರ ಎರಡನೆಯ ಸಲ ಅಳೆದೆವು. ನಲವತ್ತು ತುಂಡುಗಳಿಗೂ ಹೆಸರು ತೆಗೆದು ಬರಿಯ ನಂಬರು ಕೊಟ್ಟಳು. ಯಾವ ತುಂಡಿನ ನಂತರ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದಳು. ಅಳೆಯುವವರಿಗೆ ಯಾವುದು ಯಾರದ್ದೆಂದು ಗೊತ್ತಿರಲಿಲ್ಲ. ಉಪಕರಣದೊಳಕ್ಕೆ ಒಣಗಿದ ನೈಟ್ರೋಜನ್ ಹಾಯಿಸಿದೆವು. ಮಸಿಯ ಓರೆಗೆ ಬೇರೆ ಮದ್ದಿದೆ. ಸವಿಟ್ಸ್ಕಿ ಮತ್ತು ಗೋಲೆ ಎಂಬಿಬ್ಬರು 1964ರಲ್ಲಿ ತೋರಿಸಿದ ದಾರಿಯಲ್ಲಿ ಗೆರೆಯ ಎತ್ತರದ ಬದಲು ಅದರ ಏರಿಳಿತದ ಕಡಿದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಘಾಟಿ ರಸ್ತೆ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎನ್ನುವುದನ್ನು ಬಿಟ್ಟು ಎಲ್ಲಿ ಕಡಿದಾಗಿ ತಿರುಗುತ್ತದೆ ಎಂದು ಮಾತ್ರ ಬರೆದುಕೊಂಡ ಹಾಗೆ. ನಿಧಾನವಾದ ಓರೆ ಅದರಲ್ಲಿ ಬಿದ್ದುಹೋಗುತ್ತದೆ, ಚಿಕ್ಕ ಚೂಪು ಶಿಖರಗಳು ಎದ್ದು ಕಾಣುತ್ತವೆ. ಇದು ಪಿಯುಸಿಯಲ್ಲಿ ಓದುವ ಅವಕಲನವೇ. ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವವರಿಗೆ ಇದೊಂದು ಉದಾಹರಣೆ.

ಈ ಸಲ ಚುಕ್ಕೆಗಳು ಅಷ್ಟು ಅಂದವಾಗಿ ಬೇರೆಯಾಗಲಿಲ್ಲ. ಗುಂಪುಗಳ ಅಂಚು ಒಂದಕ್ಕೊಂದು ತಾಗುವಷ್ಟು ಹತ್ತಿರ. ಆದರೆ ತೂಕಪಟ್ಟಿ ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. 1377, 1167, 998, 973, 841. ಐದೂ ಪಾಲಿಪ್ರೊಪಿಲೀನಿನ ಶಿಖರಗಳು, ಐದೂ ಒಟ್ಟಿಗೆ ಏರುತ್ತ ಒಟ್ಟಿಗೆ ಇಳಿಯುತ್ತ. ಬಿಡಿಯಾಗಿ ನೋಡಿದರೆ ಒಂದೊಂದೂ ಗದ್ದಲದಲ್ಲಿ ಮುಳುಗಿಹೋಗುವಷ್ಟು ಚಿಕ್ಕದು. ಜಾತ್ರೆಯಲ್ಲಿ ಒಬ್ಬನ ದನಿ ಕೇಳಿಸದಿದ್ದರೂ ಭಜನೆಯವರ ತಾಳ ಕೇಳಿಸುತ್ತದಲ್ಲ, ಹಾಗೆ. ರೈತರ ಪೈಪುಗಳು ಆ ದಿಕ್ಕಿಗೆ ಸರಿದಿದ್ದವು. ಅಟ್ಟದ ಸುರುಳಿಯೂ ಅಷ್ಟೇ ಸರಿದಿತ್ತು.

ಸರಿದಿವೆ ಎಂದರೆ ಎಷ್ಟು ಸರಿದರೆ ಸರಿದಂತೆ? ಒಳ್ಳೆಯ ಪೈಪುಗಳಲ್ಲೂ ತಮ್ಮತಮ್ಮಲ್ಲೇ ಹೆಚ್ಚುಕಡಿಮೆ ಇರುತ್ತದೆ. ಇದಕ್ಕೆ ಬಳಸಿದ್ದು ಮಹಾಲನೋಬಿಸ್ ಅವರು 1936ರಲ್ಲಿ ಮಂಡಿಸಿದ ದೂರದ ಅಳತೆ. ಜನಸಮುದಾಯಗಳ ದೇಹದ ಅಳತೆಗಳನ್ನು ಹೋಲಿಸಲು ಅವರು ಕಟ್ಟಿದ್ದು ಅದು. ಗುಂಪು ಯಾವ ದಿಕ್ಕಿಗೆ ಸಹಜವಾಗಿ ಹರಡಿಕೊಂಡಿದೆಯೋ ಆ ದಿಕ್ಕಿನ ದೂರಕ್ಕೆ ಕಡಿಮೆ ಬೆಲೆ, ಎಲ್ಲಿ ಒತ್ತಾಗಿದೆಯೋ ಆ ದಿಕ್ಕಿನ ದೂರಕ್ಕೆ ಹೆಚ್ಚು ಬೆಲೆ. ಕಲ್ಕತ್ತಾದಲ್ಲಿ ಮನುಷ್ಯರನ್ನು ಅಳೆಯಲು ಹುಟ್ಟಿದ ಲೆಕ್ಕ ಚಿಕ್ಕಬಳ್ಳಾಪುರದ ಪೈಪಿಗೂ ಒದಗಿತು. ಅಟ್ಟದ ಸುರುಳಿ ಒಳ್ಳೆಯ ಪೈಪುಗಳ ಗುಂಪಿನಿಂದ ಹೊರಗೆ ಬಿತ್ತು.

ಎಷ್ಟು ಬೆರೆಸಿದ್ದಾರೆ ಎಂದು ಹೇಳಲು ಹೊಸ ಪಾಲಿಎಥಿಲೀನಿಗೆ ಗೊತ್ತಿದ್ದ ಪ್ರಮಾಣದ ಪಾಲಿಪ್ರೊಪಿಲೀನ್, ಮಸಿ ಎಲ್ಲ ಸೇರಿಸಿ ನಾವೇ ಬಿಲ್ಲೆಗಳನ್ನು ಮಾಡಿದೆವು. ಆ ಬಿಲ್ಲೆಗಳ ಗೆರೆಗಳಿಂದ ಸೂತ್ರ ಕಟ್ಟುವುದು, ಆ ಸೂತ್ರದಿಂದ ಪೈಪನ್ನು ಓದುವುದು. ಹಿರಿಯ ವೋಲ್ಡ್ ಅವರ ವಿಧಾನವೇ. ಇಲ್ಲೊಂದು ಆಕರ್ಷಣೆ ಇದೆ, ಎಳೆಯರು ಇದಕ್ಕೆ ಬಲುಬೇಗ ಸಿಕ್ಕಿಬೀಳುತ್ತಾರೆ. 1700 ಸಂಖ್ಯೆ ಕೈಯಲ್ಲಿದ್ದರೆ ಹದಿನೈದು ಬಿಲ್ಲೆಗೆ ನೂರಕ್ಕೆ ನೂರು ಸರಿಹೊಂದುವ ಸೂತ್ರವನ್ನು ಯಾರು ಬೇಕಾದರೂ ಕಟ್ಟಬಹುದು. ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರ ಉರು ಹೊಡೆದ ಹುಡುಗ ಹಳೆಯ ಪತ್ರಿಕೆಯಲ್ಲಿ ಔಟ್ ಆಫ್ ಔಟ್ ತೆಗೆಯುತ್ತಾನೆ, ಹೊಸ ಪತ್ರಿಕೆಯಲ್ಲಿ ಬಣ್ಣ ಬಯಲಾಗುತ್ತದೆ. ಅದಕ್ಕಾಗಿ ಒಂದೊಂದೇ ಬಿಲ್ಲೆಯನ್ನು ಮುಚ್ಚಿಟ್ಟು, ಉಳಿದವುಗಳಿಂದ ಸೂತ್ರ ಕಟ್ಟಿ, ಮುಚ್ಚಿಟ್ಟದ್ದನ್ನು ಊಹಿಸಿ ನೋಡಬೇಕು. ಹಾಗೆ ನೋಡಿದಾಗ ನಮ್ಮ ಸೂತ್ರ ಎಷ್ಟು ತಪ್ಪುತ್ತದೆ ಎನ್ನುವುದೂ ತಿಳಿಯುತ್ತದೆ. ವರದಿಯಲ್ಲಿ ಒಂದೇ ಸಂಖ್ಯೆ ಬರೆಯಲಿಲ್ಲ, ಇಷ್ಟರಿಂದ ಇಷ್ಟರವರೆಗೆ ಎಂದು ಬರೆದೆವು. ಕಂಪನಿಯವರು ಅದನ್ನೇ ಹಿಡಿದು, ನಿಮಗೇ ಖಚಿತವಿಲ್ಲ ಎಂದರು. ಆ ವ್ಯಾಪ್ತಿಯ ಕೆಳಗಿನ ತುದಿಯೂ ಸೊನ್ನೆಗಿಂತ ಬಹಳ ಮೇಲಿದೆ ಎಂದು ಹುಡುಗಿಯೇ ಅವರಿಗೆ ವಿವರಿಸಿದಳು.

ಸಂಖ್ಯಾಶಾಸ್ತ್ರ ಹೇಳಿದ್ದನ್ನು ಸಂಖ್ಯಾಶಾಸ್ತ್ರವಿಲ್ಲದ ಇನ್ನೊಂದು ದಾರಿಯಿಂದಲೂ ನೋಡಬೇಕು ಎನ್ನುವುದು ನನ್ನ ಹಟ. ಅಟ್ಟದ ಸುರುಳಿಯ ಚೂರನ್ನು ನಿಧಾನವಾಗಿ ಕಾಯಿಸಿ ಎಲ್ಲಿ ಕರಗುತ್ತದೆ ಎಂದು ನೋಡಿದೆವು. ಈ ಬಗೆಯ ಪಾಲಿಎಥಿಲೀನ್ 120ರಿಂದ 125 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಿ ಮುಗಿಯುತ್ತದೆ. ನಮ್ಮ ಚೂರು ಅಲ್ಲಿ ಕರಗಿತು, ಸುಮ್ಮನಾಯಿತು, ಮತ್ತೆ 160ರ ಹತ್ತಿರ ಚಿಕ್ಕದೊಂದು ತಗ್ಗು ಬಿತ್ತು. ಅದು ಪಾಲಿಪ್ರೊಪಿಲೀನ್ ಕರಗುವ ಜಾಗ.

ಕೊನೆಗೆ ಕಂಪನಿಯವರು ಪೈಪನ್ನೆಲ್ಲ ಬದಲಾಯಿಸಿ ಕೊಟ್ಟರು. ಹೋದ ಬೆಳೆಗೆ ಒಂದು ಪೈಸೆಯೂ ಬರಲಿಲ್ಲ. ಪೈಪಿನಲ್ಲಿ ಬೇರೆ ಪ್ಲಾಸ್ಟಿಕ್ ಇತ್ತು ಎಂಬುದನ್ನು ನಾವು ತೋರಿಸಬಲ್ಲೆವು, ಅದಕ್ಕೇ ಬೆಳೆ ಹೋಯಿತು ಎಂದು ತೋರಿಸುವುದು ನಮ್ಮ ಉಪಕರಣದ ಕೆಲಸವಲ್ಲ. ಇದನ್ನು ಹೇಳುವಾಗ ರೈತರ ಮುಖ ನೋಡುವುದು ಕಷ್ಟವಾಯಿತು.

ಆ ಹುಡುಗಿ ಈಗ ಪ್ಲಾಸ್ಟಿಕ್ ಕಸವನ್ನು ಬೆಳಕಿನಿಂದಲೇ ಗುರುತಿಸಿ ಬೇರ್ಪಡಿಸುವ ಯಂತ್ರಗಳ ಕೆಲಸದಲ್ಲಿದ್ದಾಳೆ. ಓಡುವ ಪಟ್ಟಿಯ ಮೇಲೆ ಬಾಟಲಿ, ಡಬ್ಬ, ಮುಚ್ಚಳಗಳು ಹೋಗುತ್ತಿರುವಾಗಲೇ ರೋಹಿತ ತೆಗೆದು, ಇದೇ ಬಗೆಯ ಲೆಕ್ಕ ಮಾಡಿ, ಗಾಳಿ ಊದಿ ಆಚೆ ಈಚೆ ತಳ್ಳುವ ಯಂತ್ರ. ಕಪ್ಪು ಪ್ಲಾಸ್ಟಿಕ್ ಬಂದರೆ ಸಾಮಾನ್ಯವಾಗಿ ಅದಕ್ಕೆ ಕಣ್ಣು ಕಾಣುವುದಿಲ್ಲ, ಮಸಿ ಬೆಳಕನ್ನೆಲ್ಲ ನುಂಗುತ್ತದೆ. “ನಿಮ್ಮ ಪೈಪು ನನ್ನ ಬೆನ್ನು ಬಿಡ್ತಿಲ್ಲ ಸಾರ್” ಎಂದು ಒಮ್ಮೆ ಫೋನಿನಲ್ಲಿ ನಕ್ಕಳು. ರಸಾಯನಶಾಸ್ತ್ರದ ಪುಸ್ತಕ ಯಾವುದು ಓದಲಿ ಎಂದು ಕೇಳಲು ಫೋನ್ ಮಾಡಿದ್ದಳು.

ರೈತರು ಮಾತ್ರ ಹೋಗುವ ಮುಂಚೆ ನಮ್ಮ ಇನ್ನೂರು ಗೆರೆಗಳಿಗೆ ಸಿಗದ ಪ್ರಶ್ನೆಯೊಂದನ್ನು ಕೇಳಿದರು. “ಅಂಗಡೀಲಿ ನಿಂತಾಗ ನನಗೆ ಹೆಂಗೆ ಗೊತ್ತಾಗಬೇಕು ಸಾರ್?” ಅಂಗಡಿಯಲ್ಲಿ ನಿಂತು ಕಣ್ಣಿನಿಂದ ತಿಳಿಯಲಾಗದು ಎಂದೆ. ಐಎಸ್‌ಐ ಗುರುತು ನೋಡಿ ತೆಗೆದುಕೊಳ್ಳಿ, ಬಿಲ್ಲು ಬಿಡಬೇಡಿ, ತಂದ ದಿನವೇ ಪ್ರತಿ ಸುರುಳಿಯಿಂದ ಒಂದಡಿ ಕತ್ತರಿಸಿ, ತಾರೀಕು ಬರೆದು, ಬಿಲ್ಲಿನ ಜೊತೆ ಕಟ್ಟಿ ಕತ್ತಲಲ್ಲಿ ಇಡಿ ಎಂದೆ. ಈಗ ಅವರ ಊರಿನಲ್ಲಿ ಏಳೆಂಟು ಮನೆಗಳ ಅಟ್ಟದ ಮೇಲೆ ಹೀಗೆ ಕಪ್ಪು ಪೈಪಿನ ತುಂಡುಗಳಿವೆಯಂತೆ.